ಒಗೆಯದ ಸೀರೆ

ಅಜ್ಜಂಪುರದ ಆ ಬೀದಿಗೆ ನಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ. ಓಂಕಾರೇಶ ಎರಡನೆಯ ಕೊಡ ಎತ್ತುವಷ್ಟರಲ್ಲಿ ತಾಯಿ ವಿಶಾಲಾಕ್ಷಮ್ಮ ಬಾಗಿಲಿಗೆ ಅಡ್ಡ ನಿಂತರು. ನಿದ್ದೆಗೆಟ್ಟ ಕಣ್ಣುಗಳು ಒಣಮೆಣಸಿನಕಾಯಿಯಂತೆ ಕೆಂಪಾಗಿದ್ದವು.

"ಇವತ್ತು ರಾತ್ರೀನೂ ಆ ಮರಿ ಅತ್ರೆ, ನಾಳೆ ಮೊದಲ್ನೇ ಬಸ್ಸಿಗೆ ಚೌಳಹಿರಿಯೂರಿಗೆ ವಾಪಸ್ಸು. ತಿಳೀತೇನೋ?"

ನಿನ್ನೆಯಷ್ಟೇ ಅಲ್ಲಿಂದ ತಂದ ನಾಯಿಮರಿ ಅದು. ಒಳಗೆ ಏಳು ವರ್ಷದ ಮಗಳು ಅನುಷಾ ಈ ಮಾತು ಕೇಳಿ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹೆಂಡತಿ ತರೀಕೆರೆಯ ತವರಿಗೆ ಹೋಗಿದ್ದಳು; ಆ ಸಪ್ಪೆ ಮುಖ ನೋಡುವ ಕಷ್ಟ ಓಂಕಾರೇಶನೊಬ್ಬನ ಪಾಲಿಗೇ ಬಂತು.

ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿ ನಿವೃತ್ತರಾದ ಚನ್ನಬಸಪ್ಪನವರಿಗೆ ಫೋನು ಮಾಡಿದ. ಅವರು ಕಡೂರಿನ ಬಸ್ಸಿನಲ್ಲಿದ್ದರು. ಗದ್ದಲದ ನಡುವೆ ಕೇಳಿಸಿದ್ದು ಇಷ್ಟೇ: "ತಾಯಿ ವಾಸ್ನೆ ಇರೋ ಬಟ್ಟೆ ಹಾಸಪ್ಪಾ. ಒಗೆದಿರಬಾರ್ದು ಮತ್ತೆ." ಅಷ್ಟಕ್ಕೆ ಲೈನು ಕಡಿಯಿತು.

ಓಂಕಾರೇಶ ಯೋಚಿಸಿದ. ನಾಯಿಯಂತೂ ಬಟ್ಟೆ ಉಡುವುದಿಲ್ಲ. ಹಾಗಾದರೆ ತಾಯಿ ಎಂದರೆ ಮನೆಯ ತಾಯಿಯೇ ಇರಬೇಕು. ಬಿ.ಕಾಂ. ಓದಿದ್ದು ದಂಡವಾಗಲಿಲ್ಲ ಎನ್ನಿಸಿತು.

ಬಚ್ಚಲ ಬಕೀಟಿನಲ್ಲಿ ವಿಶಾಲಾಕ್ಷಮ್ಮ ಮಠಕ್ಕೆ ಉಟ್ಟುಹೋಗಿದ್ದ ಇಳಕಲ್ ಸೀರೆ ಇನ್ನೂ ನೀರು ಕಾಣದೆ ಬಿದ್ದಿತ್ತು. ಅದನ್ನು ಅಂಗಿಯೊಳಗೆ ತುರುಕಿಕೊಂಡು, ಏಳು ತಿಂಗಳ ಬಸುರಿಯಂತೆ ಹಿತ್ತಲಿಗೆ ಇಳಿದ. ಗೋಡೆಯಾಚೆಯಿಂದ ಪಕ್ಕದ ಮನೆಯ ಹುಚ್ಚಮ್ಮ, ಕೆಳಗೆ ಜೋತುಬಿದ್ದ ಸೆರಗು ನೋಡಿ, ಅಮ್ಮನ ಸೀರೆ ಎಲ್ಲಿಗೆ ಹೊರಟಿತು ಎಂದು ವಿಚಾರಿಸಿದಳು. ಒಗೆಯುವುದಕ್ಕೆ ಎಂದುಬಿಟ್ಟ.

ಮಧ್ಯಾಹ್ನದೊಳಗೆ ಇಡೀ ಬೀದಿಗೆ ಗೊತ್ತಾಯಿತು. ತಾಯಂದಿರು ಅವನನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳಿದರು. ಆ ಮಕ್ಕಳು ಅವನನ್ನು ಕೊಲ್ಲುವ ಹಾಗೆ ನೋಡಿದರು. ಅವನದೇ ವಯಸ್ಸಿನ ಹೇಮಂತ್ ಅಡ್ಡಗಟ್ಟಿ, "ಗಂಜಿ ಹಾಕೋದೂ ಉಂಟಾ ಗುರುವೇ?" ಎಂದ. ವಿಶಾಲಾಕ್ಷಮ್ಮ ಮಾತ್ರ ಕಣ್ಣೊರೆಸಿಕೊಂಡು, ಮುದ್ದೆಗೆ ಎರಡು ಮಿಳ್ಳೆ ತುಪ್ಪ ಸುರಿದರು. ಅವನು ಅದನ್ನು ಹರಳೆಣ್ಣೆ ಕುಡಿದಂತೆ ನುಂಗಿದ.

ರಾತ್ರಿ ಮರಿ ಸೀರೆಯನ್ನು ಮೂಸಿತು, ಮಡಿಕೆಯೊಳಗೆ ಮೂತಿ ತೂರಿಸಿತು, ನಿಟ್ಟುಸಿರುಬಿಟ್ಟು ಮಲಗಿಯೇಬಿಟ್ಟಿತು. ನಿದ್ದೆ ಬಾರದಿದ್ದದ್ದು ಓಂಕಾರೇಶನಿಗೆ. ಬೆಳಗಾಗುವುದರೊಳಗೆ ಸೀರೆ ಒಗೆದು ಹರವಬೇಕಿತ್ತು. ನಾಲ್ಕಕ್ಕೆದ್ದು ಅಂಚು ಹಿಡಿದೆಳೆದ, ಮರಿ ಕುಂಯ್ ಎಂದಿತು, ಬಿಟ್ಟ. ಐದಕ್ಕೆ ಮತ್ತೆ ಎಳೆದ, ಮತ್ತೆ ಕುಂಯ್.

ಬೆಳಿಗ್ಗೆ ವಿಶಾಲಾಕ್ಷಮ್ಮ ಹೂವಿನಂತೆ ಎದ್ದರು. ಮರಿ ಓಡಿಬಂದು ಅವರ ಕಾಲು ಸುತ್ತಿ, ನೆರಿಗೆ ಮೂಸಿ, ಪಾದದ ಮೇಲೇ ಕುಳಿತಿತು. ಅವರು ಗೋಡೆಯಾಚೆಗೆ ಕೂಗಿ ಹೇಳಿದರು:

"ನೋಡೇ ಹುಚ್ಚಮ್ಮಾ, ಒಂದೇ ರಾತ್ರಿಗೆ ನನ್ನೇ ತಾಯಿ ಅನ್ಕೊಂಡ್ಬಿಟ್ಟೈತೆ. ಇರ್ಲಿ ಬಿಡು, ಇಲ್ಲೇ ಬೆಳ್ಕೊಳ್ಲಿ."

ಓಂಕಾರೇಶನಿಗೆ ಹೋದ ಜೀವ ಬಂತು. ಮಗಳತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟ. ಆದರೆ ಅನುಷಾಳ ತಲೆ ತಿನ್ನುತ್ತಿದ್ದ ವಿಷಯ ಸಣ್ಣದಾಗಿರಲಿಲ್ಲ; ಸಂಬಂಧದ ವಿಷಯ. ಅವಳು ಅಜ್ಜಿಯ ಸೆರಗು ಜಗ್ಗಿ ಕೇಳಿಯೇಬಿಟ್ಟಳು:

"ಅಜ್ಜೀ, ಅಪ್ಪ ನಿನ್ ಮಠದ ಸೀರೆ ಹಾಸಿ ಮಲಗಿಸಿದ್ಕೆ ಇದು ನಿನ್ ಮಗ ಆಯ್ತಲ್ಲ, ಹಂಗಾದ್ರೆ ನಾನು ಇದನ್ನ ಚಿಕ್ಕಪ್ಪ ಅನ್ಬೇಕಾ?"