ಅಳಿಯಂದ್ರ ಮನಿಗೆ ಹೋದ ನನ್ನ ಟ್ರ್ಯಾಕ್ಟರ್ ದುಡ್ಡು

ಹುಲಿಗೆಮ್ಮನ ಆಣಿ ಮಾಡಿ ಹೇಳ್ತೀನಿ, ಇದ್ರಾಗ ಒಂದು ಮಾತೂ ಕಟ್ಟಿದ್ದಲ್ಲ. ಸುಳ್ಳಂದ್ರ ಕಾರಟಗಿಗೆ ಬಂದು ಯಾರನ್ನ ಬೇಕಾದ್ರೂ ಕೇಳ್ರಿ. ಎಲ್ಲಾರಿಗೂ ಗೊತ್ತೈತಿ, ಅದ ನನ್ನ ಸಿಟ್ಟು. ಸಾಲಿ ಕಟ್ಟಿ ನಾ ಭಾಳ ಹತ್ತಿಲ್ಲ, ಆದ್ರ ಭತ್ತದ ಕಾಳು ಹಲ್ಲಾಗ ಕಡದು ಎಷ್ಟು ಒಣಗೈತಿ ಅಂತ ಹೇಳಾವ. ರೈಸ್ ಮಿಲ್ಲಿನ ಸಾವ್ಕಾರ್ರು ಎದ್ದು ನಿಂತು ಚಾ ಕೊಡ್ತಾರ ನಂಗ. ದುಡ್ಡು ಕೊಡಾಕ ಹೋದಲ್ಲೆಲ್ಲ ಅಂಥಾ ಮನಿಷಾಂದ ಮರ್ಯಾದಿ ಹೋಗ್ತೈತಿ ನೋಡ್ರಿ. ಇಸಗೊಳ್ಳಾಕ ಹೋದಾಗ ಹಿಂಗ ಎಂದೂ ಆಗಿಲ್ಲ.

ಯೂರಿಯಾ ಚೀಲ

ಹೊಸಾ ಟ್ರ್ಯಾಕ್ಟರ್ ತಗೋಬೇಕಂತ ಎಂಟು ಲಕ್ಷ ಕೂಡಿಸಿಟ್ಟಿದ್ದೆ. ಹಳೇದು ಕೆಮ್ಮಿ ಕೆಮ್ಮಿ ಸಾಯಾಕತ್ತಿತ್ತು. ಅಷ್ಟೊತ್ತಿಗೆ ದೊಡ್ಡ ಅಳಿಯ ಫೋನ್ ಮಾಡಿದ. ಕೊಪ್ಪಳದಾಗ ಸಾಲಿ ಮಾಸ್ತರ ಅದಾನ.

"ಮಾವಾರ, ಒಂದು ಮನಿ ನೋಡೀನ್ರಿ. ಬ್ಯಾಂಕಿನವ್ರು ಸಾಲ ಕೊಡ್ತಾರ, ಆದ್ರ ಮೊದಲ ನಾಲ್ಕು ಲಕ್ಷ ನಾವ ಕೈಯಿಂದ ಹಾಕಬೇಕಂತ್ರಿ."

ಹಿಂದ ಮಗಳು ಮೂಗು ಏರಿಸೂ ಸಪ್ಪಳ ಕೇಳಸ್ತು. "ಅಳಬ್ಯಾಡವಾ, ಕೊಡ್ತೀನಿ" ಅಂದೆ.

ನಾಲ್ಕು ಲಕ್ಷ ಯೂರಿಯಾ ಚೀಲದಾಗ ಹಾಕ್ಕೊಂಡು ಬ್ಯಾಂಕಿಗೆ ಹೋಗಿ ಮ್ಯಾನೇಜರ್ನ ಟೇಬಲ್ ಮ್ಯಾಲೆ ಧಪ್ಪಂತ ಇಟ್ಟೆ. ಅವ ಕುರ್ಚಿ ಹಿಂದ ಸರಿಸಿದ.

"ಏನ್ರಿ ಇದು?"

"ರೊಕ್ಕ. ಎಣಿಸ್ಕೋರಿ."

"ಹಿಂಗ ತಗೊಳ್ಳಾಕ ಬರಾಂಗಿಲ್ರಿ ಯಜಮಾನ್ರ. ಮೊದಲ ನಿಮ್ಮ ಖಾತೆಕ್ಕ ಹಾಕ್ರಿ, ಅಲ್ಲಿಂದ ಅಳಿಯಂದ್ರ ಖಾತೆಕ್ಕ ಕಳಸ್ರಿ. ಈ ದುಡ್ಡು ಎಲ್ಲಿಂದ ಬಂತು ಅಂತನೂ ತೋರಸ್ಬೇಕ್ರಿ."

ನಂಗ ಉರೀತು. "ಸಾಲ ಕೇಳಾಕ ಬಂದ್ರ ದುಡ್ಡು ಎಲ್ಲೈತಿ ಅಂತೀರಿ. ದುಡ್ಡು ತಂದ್ರ ಎಲ್ಲಿಂದ ಬಂತು ಅಂತೀರಿ. ನಾ ಏನು ಕಳ್ಳನೇನು?"

ವಾಚ್‌ಮನ್ ಓಡಿ ಬಂದು ನನ್ನ ರಟ್ಟಿ ಹಿಡದ. "ಮುಟ್ಟಬ್ಯಾಡ ಮಗನ, ನನ್ನ ಹೊರಗ ಹಾಕ್ತಿಯೇನು?" ಅಂತ ಅವಂಗೂ ಬೈದೆ.

"ಇಲ್ಲ ಕಾಕಾ," ಅಂದ ಅವ ಮೆತ್ತಗ, "ನಿನ್ನ ಚೀಲ ಹರದೈತಿ. ನೋಟು ಬಾಗಲತನಾ ಬಿದ್ದಾವು."

ಕುಂದ್ರೂ ಹಕ್ಕು

ಖಾತೆದ ಕೆಲಸ ಮುಗೀತು ಅನ್ನೂದ್ರಾಗ ಅದ ಮ್ಯಾನೇಜರ್ ಒಂದು ಕಾಗದ ಮುಂದ ಇಟ್ಟ. ಇದು ಸಾಲ ಅಲ್ಲ, ಉಡುಗೊರೆ. ನಾ ವಾಪಸ್ ಕೇಳಾಂಗಿಲ್ಲ, ಆ ಮನಿ ಮ್ಯಾಲೆ ನಂಗ ಯಾವ ಹಕ್ಕೂ ಇಲ್ಲ ಅಂತ ಸಹಿ ಹಾಕಬೇಕಂತ.

"ಹಕ್ಕಿಲ್ಲಂದ್ರ ಮಗಳ ಮನಿಗೆ ಹೋದಾಗ ನಾ ಎಲ್ಲಿ ಕುಂದ್ರಬೇಕು?"

"ಕುಂದ್ರಾಕ ಹಕ್ಕು ಬೇಕಾಗಿಲ್ರಿ."

"ಒಂದು ರಾತ್ರಿ ವಸ್ತಿ ಮಾಡಿದ್ರ?"

"ಅದು ನಿಮ್ಮ ಮನಿ ಮಾತ್ರಿ, ಬ್ಯಾಂಕಿಗೆ ಸಂಬಂಧ ಇಲ್ರಿ."

"ತಿಂಗಳಗಟ್ಲೆ ಇದ್ರ?"

ಸಹಿಗಂತ ಬಂದು ಬಾಜೂ ಕುಂತಿದ್ದ ನಮ್ಮ ಅಳಿಯ ಪಟ್ನ ಅಂದ, "ಸರ್, ಅದೊಂದು ಬರಸ್ಕೊಂಡಬಿಡ್ರಿ."

ಮೈಕು

ನಮ್ಮ ಕಡೆ ಹೊಸಾ ಮನಿ ಪ್ರವೇಶಕ್ಕ ಯಾರು ಏನು ಆಹೇರಿ, ಉಡುಗೊರೆ ಮಾಡಿದ್ರು ಅಂತ ಮೈಕಿನ್ಯಾಗ ಹೇಳ್ಬೇಕು. ಹೇಳ್ಲಿಲ್ಲಂದ್ರ ಕೊಟ್ಟಾಂಗ ಅಲ್ಲ. ಅಳಿಯನ ಸೋದರಮಾವ ಒಬ್ಬ ಯಲಬುರ್ಗಾದಿಂದ ಗ್ವಾಡಿ ಗಡಿಯಾರ ತಂದಿದ್ದ. ಸೆಲ್ ಸುದ್ದಾ ಹಾಕಿರಲಿಲ್ಲ ಅದಕ್ಕ! ಮೈಕಿನಾವ ಅವನ್ನ "ಕೊಡುಗೈ ದಾನಿಗಳು" ಅಂತ ಕೂಗಿದ್ದ ಕೂಗಿದ್ದು. ಮನಿ ಬುಡಕ್ಕ ನಾಲ್ಕು ಲಕ್ಷ ಇಟ್ಟಾವ ನಾ, ನನ್ನ ಹೆಸರ ಇಲ್ಲ!

ಕೇಳಾಕ ಹೋದ್ರ ಮೈಕಿನಾವ ಅಂತಾನ, "ಯಜಮಾನ್ರ, ನೀವು ಬ್ಯಾಂಕಿನ್ಯಾಗ ಕೊಟ್ಟೀರಿ. ಅಲ್ಲೇ ಕೂಗಸ್ಬೇಕಿತ್ತು."

ಮೈಕ್ ಕಸಗೊಂಡೆ. "ಕೇಳ್ರೆಪಾ ಎಲ್ಲಾರೂ! ಈ ಮನಿಗೆ ನಾ ಕೊಟ್ಟಿದ್ದು ಆರು ಲಕ್ಷ! ಗಡಿಯಾರ ಅಲ್ಲ!"

ಆರು ಯಾಕ ಅಂದಿ ಅಂತ ನೀವು ಕೇಳ್ಬೌದು. ಅಷ್ಟು ಮಂದಿ ಮುಂದ, ಅಂಥಾ ದೊಡ್ಡ ಸ್ಪೀಕರಿನ್ಯಾಗ ನಾಲ್ಕು ಅನ್ನೂದು ಸಣ್ಣದು ಕೇಳಸ್ತೈತಿ. ತಪ್ಪು ಆ ಸ್ಪೀಕರಿಂದು.

ಅಳಿಯನ ಅಪ್ಪ ದಡಕ್ಕನ ಎದ್ದ. ಮಗನ ಕಡೆ ತಿರಗಿ, "ಲೇ, ನನ್ನ ಮುಂದ ನಾಲ್ಕಂತ ಹೇಳಿದ್ದಿ. ಎರಡು ಎಲ್ಲಿ ಮುಚ್ಚಿಟ್ಟಿ?"

"ಅಪ್ಪಾ, ನಾಲ್ಕ ಬಂದಿದ್ದು."

"ಹಂಗಾದ್ರ ನಿಮ್ಮ ಮಾವ ಸುಳ್ಳು ಹೇಳ್ಯಾರೇನು?"

ಇಡೀ ಪೆಂಡಾಲು ನನ್ನ ಮಾರಿ ನೋಡಾಕತ್ತು. ನನ್ನ ಹೆಂಡ್ತಿ ಸೆರಗು ಬಾಯಿಗೆ ಹಿಡಕೊಂಡ್ಳು. ನಾ ಎದಿ ಉಬ್ಬಿಸಿ ಅಂದೆ, "ಉಳದಿದ್ದು ಎರಡು ಸೋಮವಾರ ಬರ್ತೈತಿ!"

ಆ ಹಲ್ಕಾ ಮೈಕಿನಾವ ಮೈಕ್ ಇಸಗೊಂಡು, "ಯಜಮಾನ್ರಿಂದ ಸೋಮವಾರ ಇನ್ನೂ ಎರಡು ಲಕ್ಷ! ಜೋರಾಗಿ ಚಪ್ಪಾಳಿ!" ಅಂದ. ಗಡಿಯಾರ ತಂದಾವನ ಎಲ್ಲಾರಕಿಂತ ಜೋರ ಹೊಡದ.

ಖುಷಿ

ಸಣ್ಣ ಮಗಳ ಮಾವ ಕುಷ್ಟಗಿಯಾವ. ಅವ ಅವತ್ತು ಊಟದ ಸಾಲಿನ್ಯಾಗ ಹೋಳಿಗಿ ತಿನ್ಕೋಂತ ಎಲ್ಲಾ ಕೇಳಿಸ್ಕೊಂಡ. ಕೈ ತೊಳಕೊಂಡು ಬಂದು ನನ್ನ ಬಾಜೂ ಕುಂತ.

"ಬೀಗರ, ನಮ್ಮ ಹುಡುಗನೂ ಬ್ಯಾಂಕ್ ಸಾಲದಾಗ ಒಂದು ಮನಿ ನೋಡ್ಯಾನ್ರಿ. ನಾ ಏನೂ ಕೇಳಾಂಗಿಲ್ರಿ. ಆದ್ರ ನಿಮ್ಮ ಸಣ್ಣ ಮಗಳೂ ಆರು ಲಕ್ಷ ಅಂದಿದ್ದು ಕೇಳ್ಯಾಳ್ರಿ."

ಸಣ್ಣಾಕಿ ಬಂದು, "ಅಪ್ಪಾ, ನಾ ಏನು ಬ್ಯಾರೆ ಮನಿ ಮಗಳೇನು?" ಅಂದ್ಳು. ಹೆಂಡ್ತಿ ಕಡೆ ನೋಡಿದೆ. "ಕೂಗಿದಾವ್ರು ನೀವ, ಕೊಡಾವ್ರೂ ನೀವ" ಅಂದು ಎದ್ದು ಹೋದ್ಳು.

ಸೋಮವಾರದ ಎರಡು, ಸಣ್ಣಾಕಿಗೆ ಆರು ಅಂತ ಟ್ರ್ಯಾಕ್ಟರ್ ದುಡ್ಡು ಎಲ್ಲಾ ಹೋತು, ಸಾಲಲಿಲ್ಲ. ಮಿಲ್ಲಿನ ಬಾಜೂ ಇದ್ದ ಪ್ಲಾಟೂ ಮಾರಿದೆ. ಕುಷ್ಟಗಿ ಬ್ಯಾಂಕಿನ್ಯಾಗ ಮ್ಯಾನೇಜರ್ ಒಬ್ಬಾಕಿ ಹೆಣ್ಮಗಳು. ನನ್ನ ಎಡಕ್ಕ ಬೀಗ, ಬಲಕ್ಕ ಹೆಂಡ್ತಿ, ಹಿಂದ ಮಗಳು, ಅಳಿಯ. ಪೊಲೀಸರು ಕಳ್ಳನ್ನ ತಂದು ಕುಂದ್ರಿಸಿದಾಂಗ ಕುಂದ್ರಿಸಿದ್ರು.

"ಯಜಮಾನ್ರ, ಯಾರ ಒತ್ತಾಯನೂ ಇಲ್ಲದ, ನನ್ನ ಖುಷಿಯಿಂದ ಕೊಡಾಕತ್ತೀನಿ ಅಂತ ಈ ಉಡುಗೊರೆ ಕಾಗದದಾಗ ಬರದೀವ್ರಿ. ಖರೇನ್ರಿ?"

"ನನ್ನ ಮಾರಿ ನೋಡವಾ. ಖುಷಿ ಕಾಣ್ತೈತೇನು?"

ಆಕಿ ಪೆನ್ನು ನನ್ನ ಕೈಯಾಗ ಕೊಟ್ಟು ಅಂದ್ಳು, "ಮಾರಿ ಸ್ಕ್ಯಾನ್ ಮಾಡಾಂಗಿಲ್ರಿ ಕಾಕಾ. ಸಹಿ ಅಷ್ಟ ಮಾಡ್ತೀವ್ರಿ."

ಒತ್ತಿ ಸಹಿ ಹಾಕಿದೆ, ಕಾಗದ ಹರೀತು. ಹರದಿದ್ದಕ್ಕ ಇನ್ನೊಂದು ಬಾಂಡ್ ಪೇಪರ್ ತರ್ರಿ ಅಂದ್ಳು. ಅದರ ದುಡ್ಡೂ ನಾನ ಕೊಟ್ಟೆ. ಎಲ್ಲಾ ಕೂಡಿ ನನ್ನ ಕೈಯಿಂದ ಹೋಗಿದ್ದು ಹನ್ನೆರಡು ಲಕ್ಷದ ಒಂದು ನೂರು ರೂಪಾಯಿ.