ಮಾವನ ಪಾಲಿನ ಪಾಯಿಂಟು

ಕದ್ವಾಡದ ನಮ್ಮ ಸೋದರತ್ತೆ, ಗಂಡನ ಪಾಲಿನ ಪಾಯಿಂಟನ್ನೂ ತಿಂದು ಎಂಟು ಕಿಲೋ ಇಳಿದವಳು ಎಂದರೆ ನಂಬುತ್ತೀರಾ? ಕಾರವಾರದ ತೂಕ ಇಳಿಸುವ ಕೇಂದ್ರದ ಮೇಡಂ ಕೂಡ ನಂಬಿರಲಿಲ್ಲ ಬಿಡಿ!

ಅತ್ತೆಯ ಮೊಣಕಾಲು ಕೈಕೊಟ್ಟು ಎರಡು ವರ್ಷವಾಗಿತ್ತು. ಎಂಟು ಕಿಲೋ ಇಳಿಸಿದರೆ ಮತ್ತೆ ನಡೆದಾಡಬಹುದು ಎಂದಿದ್ದರು ಡಾಕ್ಟರು. ಮಾವನದು ಕೈಗಾದಲ್ಲಿ ಕೆಲಸ. ಕಾಲು ನೆಟ್ಟಗಿದ್ದಾಗ ಅತ್ತೆ ದಿನಾ ಬುತ್ತಿ ಹಿಡಿದು ಕಂಪನಿ ಬಸ್ಸಿನ ತನಕ ಹೋಗಿ ಅವರನ್ನು ಹತ್ತಿಸಿ ಬರುತ್ತಿದ್ದಳು. ಮಾವ ರಿಟೈರಾಗಲು ಇನ್ನು ಆರೇ ತಿಂಗಳು.

"ಕಡೇ ದಿನ ಅವ್ರು ಬಸ್ಸಿಂದ ಇಳಿಯೂವಾಗ ನಾನು ಎದ್ರಿಗೆ ನಿಂತಿರ್ಬೇಕು, ತಮಾ. ರಿಕ್ಷಾದಲ್ಲಿ ಅಲ್ಲ, ನಡ್ಕಂಡು ಹೋಗಿ!" ಎಂದು ನನಗೆ ಹೇಳಿ ಅತ್ತೆ ಕಾರವಾರದ ಕೇಂದ್ರಕ್ಕೆ ಸೇರಿದಳು.

ಕೇಂದ್ರದ ಲೆಕ್ಕ ಸುಲಭ. ತಿನ್ನಲು ದಿನಕ್ಕೆ ಇಪ್ಪತ್ನಾಲ್ಕು ಪಾಯಿಂಟು, ಮೀರುವಂತಿಲ್ಲ. ಒಂದು ಬಟ್ಟಲು ಅನ್ನಕ್ಕೆ ಐದು, ಹುರಿದ ಬಂಗಡೆಗೆ ಆರು, ಕಾಯಿ ಅರೆದ ಸಾರಿಗೆ ನಾಲ್ಕು. ಸೌತೆಕಾಯಿ, ಬಸಳೆ ಎಷ್ಟು ತಿಂದರೂ ಸೊನ್ನೆ. ನಡೆದರೆ ಒಂದಿಷ್ಟು ಪಾಯಿಂಟು ಮೇಲೆ ಸಿಗುತ್ತದೆ. ಶನಿವಾರ ತೂಕ. ಯಾರಿಗೂ ಅರ್ಥವಾಗುವಂಥದ್ದು. ಅತ್ತೆಗೆ ಸ್ವಲ್ಪ ಹೆಚ್ಚೇ ಅರ್ಥವಾಯಿತು!

ಮೊದಲ ಶನಿವಾರ ಅರ್ಧ ಕಿಲೋ ಏರಿತ್ತು. ಅತ್ತೆ ತಿಂದದ್ದು ಬರೆದಿಟ್ಟ ಪುಸ್ತಕವನ್ನು ಮೇಡಂ ನೋಡಿದರೆ ದಿನಾ ಮೂವತ್ತೆಂಟು!

"ಹದಿನಾಲ್ಕು ನಮ್ಮನೆಯವ್ರದ್ದು," ಎಂದಳು ಅತ್ತೆ. "ಅವ್ರು ಬಡಕಲು, ಸರಿ ತಿನ್ನೂದೇ ಇಲ್ಲ. ಉಳದದ್ದು ಹಾಳು ಮಾಡೂಕೆ ಆಗ್ತದ?"

"ಪಾಯಿಂಟು ಒಬ್ಬೊಬ್ಬರಿಗೆ ಬೇರೆ ಬೇರೆ, ಅಮ್ಮಾ!"

"ರೇಶನ್ ಕಾರ್ಡು ಮನೆಗೆ ಒಂದೇ ಅಲ್ದಾ, ಮೇಡಂ?"

ಎರಡನೇ ಶನಿವಾರ ಪುಸ್ತಕದಲ್ಲಿ ಇಪ್ಪತ್ನಾಲ್ಕೇ ಇತ್ತು, ತೂಕ ಮಾತ್ರ ಅಲ್ಲೇ! ವಿಚಾರಿಸಿದರೆ, ಆಚೆಮನೆಯಿಂದ ದಿನಾ ಒಂದು ಪಾತ್ರೆ ಮೀನುಸಾರು ಬರುತ್ತಿತ್ತು. ಅದನ್ನೇಕೆ ಬರೆಯಲಿಲ್ಲ?

"ಅದು ಅವ್ರ ಮನೆ ಪಾಯಿಂಟು!"

ಮೇಡಂ ತಲೆ ಹಿಡಿದುಕೊಂಡರು. ಅಂದು ಸಂಜೆ, ಎಂದೂ ಮಾತಾಡದ ಮಾವ ಮೆಲ್ಲಗೆ ಕೇಳಿದರು: "ಹಂಗಾರೆ ಕಡೇ ದಿನ ನಾನು ಬಸ್ಸಿಂದ ಇಳ್ದು ಒಬ್ನೇ ಬರೂದಾ?"

ಮರುದಿನದಿಂದ ಅತ್ತೆಗೆ ಹುರಿದ ಬಂಗಡೆ ಬಂದ್. ಆಚೆಮನೆಯ ಪಾತ್ರೆ ಸೀದಾ ಮಾವನ ತಟ್ಟೆಗೆ. ಅಂಗಳದ ತುಳಸಿಕಟ್ಟೆಗೆ ಮೊದಲು ಹತ್ತು ಸುತ್ತು, ಆಮೇಲೆ ಐವತ್ತು, ಆಮೇಲೆ ಇನ್ನೂರು. ಪಾಪ, ತುಳಸಮ್ಮನಿಗೇ ತಲೆ ತಿರುಗಿರಬೇಕು! ಅತ್ತೆ ನೋವಿಗೆ ಹಲ್ಲು ಕಚ್ಚುತ್ತಿದ್ದಳು, ನಿಲ್ಲುತ್ತಿರಲಿಲ್ಲ.

ಮಾವ ರಿಟೈರಾಗುವ ಮುಂಚಿನ ಕಡೆಯ ಶನಿವಾರ ತೂಕದ ಮುಳ್ಳು ಮೊದಲಿಗಿಂತ ಎಂಟು ಕಿಲೋ ಕೆಳಗೆ ನಿಂತಿತು. ಮೇಡಂ ಚಪ್ಪಾಳೆ ತಟ್ಟಿದರು. ಅತ್ತೆ ಮಷೀನಿನಿಂದ ಇಳಿಯಲೇ ಒಲ್ಲಳು! "ಫೋಟೋ ಹೊಡಿ ತಮಾ, ಮುಳ್ಳು ಕಾಣೂ ಹಂಗೆ!"

ಮಾವನ ಕಡೇ ದಿನದ ಸಂಜೆಯೂ ಬಂತು. ರಿಕ್ಷಾ ತರಲೇ ಎಂದ ನನ್ನನ್ನು ಕಣ್ಣಲ್ಲೇ ಸುಟ್ಟಳು. ಹೊಸ ಸೀರೆ ಉಟ್ಟು, ಬೆವರೊರೆಸಿಕೊಳ್ಳುತ್ತ ಬಸ್ ಸ್ಟಾಪಿನ ತನಕ ನಡೆದೇ ಹೋದಳು. ಬಸ್ಸು ನಿಂತಿತು. ಕೊರಳಲ್ಲಿ ಹಾರ, ಕೈಯಲ್ಲಿ ಲಾಡಿನ ಡಬ್ಬಿ ಹಿಡಿದು ಮಾವ ಇಳಿದರು. ಅತ್ತೆಯನ್ನು ಕಂಡು ಅಲ್ಲೇ ನಿಂತುಬಿಟ್ಟರು.

ಅತ್ತೆ ಡಬ್ಬಿ ತೆಗೆದು ಒಂದು ಲಾಡು ಮುರಿದು, ದೊಡ್ಡ ಪಾಲನ್ನು ಅವರ ಬಾಯಿಗೆ ಹಿಡಿದಳು.

"ನಡದದ್ದಕ್ಕೆ ನಾಲ್ಕು ಪಾಯಿಂಟು ಬಂದದೆ. ತಿನ್ನಿ, ಇವತ್ತು ನನ್ನ ಪಾಲಿಂದು."

ಬಸ್ಸಿನಲ್ಲಿದ್ದವರೆಲ್ಲ ಹೋ ಎಂದು ಕೂಗಿದರು. ನಮ್ಮ ಬಡಕಲು ಮಾವ ಲಾಡು ಬಾಯಲ್ಲಿಟ್ಟುಕೊಂಡೇ ಅಳುತ್ತಿದ್ದರು.