ಕೊನೆ ಹೇಳಿದರೆ ರವಿಕೆ ಕೊಡುವುದಿಲ್ಲ

ಹೊಸನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ, ಮನೆಯ ಮುಂಭಾಗದಲ್ಲೇ. ಹೊಲಿಯುವವಳಿಗೆ ಕೈ, ಕಾಲು, ಕಣ್ಣು ಮೂರಕ್ಕೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗೆ ಅಂಗಡಿಯ ಸ್ಪೀಕರಿನಲ್ಲಿ ಮೊಬೈಲಿನ ಕಾದಂಬರಿ ಕೇಳುವ ಚಟ ಹತ್ತಿದಂದಿನಿಂದ ವಾರಕ್ಕೊಂದಾದರೂ ಎಡವಟ್ಟು ನಡೆಯುತ್ತಲೇ ಇದೆ. ಪ್ರೀತಿ, ಕೊಲೆ ಎರಡೂ ಇರುವ ಕಾದಂಬರಿಯಾದರಂತೂ ನನ್ನನ್ನು ಹಿಡಿಯುವವರಿಲ್ಲ.

ಕಳೆದ ಮದುವೆ ಸೀಸನ್ನಿನಲ್ಲಿ ಹಿಡಿದದ್ದು ನಲವತ್ತು ಕಂತಿನದು. ಒಬ್ಬಳು ನರ್ಸ್. ಅವಳ ಅಕ್ಕನನ್ನು ಯಾರೋ ಕೊಂದಿದ್ದಾರೆ. ನರ್ಸನ್ನು ಪ್ರೀತಿಸುವವರು ಇಬ್ಬರು, ಒಬ್ಬ ಡಾಕ್ಟರು, ಇನ್ನೊಬ್ಬ ಫೋಟೋಗ್ರಾಫರು. ಇಬ್ಬರಲ್ಲೊಬ್ಬ ಕೊಲೆಗಾರ. ಇಬ್ಬರೂ "ನನ್ನನ್ನು ನಂಬು" ಅನ್ನುತ್ತಿದ್ದರು, ನಾನು ಇಬ್ಬರನ್ನೂ ನಂಬುತ್ತಿದ್ದೆ. ಪುಕ್ಕಟೆ ಕೇಳುವವರಿಗೆ ದಿನಕ್ಕೆ ಒಂದೇ ಕಂತು, ಒಂದೇ ಸಲ. ಕೇಳಿ ಮುಗಿದ ಕಂತಿಗೆ ಮರುದಿನದವರೆಗೆ ಬೀಗ. ಕೊಲೆಗಾರ ಯಾರು ಅನ್ನುವುದನ್ನು ನನ್ನ ಕಿವಿಯಾರೆ ಕೇಳಬೇಕು, ಬೇರೆ ಯಾರ ಬಾಯಿಂದಲೂ ಅಲ್ಲ ಅಂತ ನನಗೊಂದು ಹಟ.

ಬೀರು

ಎಂಟನೇ ಕಂತು. ನರ್ಸ್ ಮನೆಯಲ್ಲಿ ಒಬ್ಬಳೇ. ಬೀರುವಿನ ಬಾಗಿಲು ತಾನಾಗಿ ಅಲುಗಿತು. ಅವಳು ಹಿಡಿಗೆ ಕೈ ಹಾಕಿದಳು, ನಾನು ಬಟ್ಟೆಗೆ ಕತ್ತರಿ ಹಾಕಿದೆ. ಬೀರು ತೆರೆಯುವಷ್ಟರಲ್ಲಿ ಹೈಸ್ಕೂಲ್ ಮೇಡಂ ಅವರ ರೇಷ್ಮೆ ರವಿಕೆಯ ಬಲತೋಳು ಹೆಗಲವರೆಗೂ ಸೀಳಿಹೋಗಿತ್ತು.

ಆ ಮೇಡಂ ತರಗತಿಗೆ ಕಾಲಿಟ್ಟರೆ ಫ್ಯಾನು ಕೂಡ ಸದ್ದು ಮಾಡುವುದಿಲ್ಲ ಅಂತ ಮಾತಿದೆ. ಸಂಜೆ ಬಂದರು, ತೋಳು ಎತ್ತಿ ಹಿಡಿದು ನೋಡಿದರು.

"ಎಂತ ಇದು?"

ನನಗೆ ಆ ಹೊತ್ತಿಗೆ ಒಂದು ಸುಳ್ಳೂ ಹೊಳೆಯಲಿಲ್ಲ. ಒಂಟಿ ಮನೆ, ಬೀರು, ಅಲುಗಿದ ಬಾಗಿಲು, ಕತ್ತರಿ, ಎಲ್ಲ ಇದ್ದದ್ದು ಇದ್ದಹಾಗೆ ಒಪ್ಪಿಸಿದೆ. "ತೋಳಿಗೆ ಬೇರೆ ಬಟ್ಟೆ ಹಾಕಿ ಕೊಡ್ತೀನಿ ಮೇಡಂ" ಅಂತ ಕೈ ಜೋಡಿಸಿದೆ.

ಮೇಡಂ ಸ್ಟೂಲು ಎಳೆದುಕೊಂಡು ಕೂತರು. "ತೋಳು ಹಾಳಾಗ್ಲಿ. ಬೀರು ಒಳಗೆ ಯಾರಿದ್ರು, ಮೊದ್ಲು ಅದನ್ನ ಹೇಳಿ."

ಬಟ್ಟೆಮಲ್ಲಪ್ಪದಲ್ಲಿ ಇಳಿಯದವರು

ಹತ್ತೊಂಬತ್ತನೇ ಕಂತಿನ ದಿನ ಲೈನಿಂಗ್ ಬಟ್ಟೆ ತರಲು ಸಾಗರಕ್ಕೆ ಹೋಗಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಅದನ್ನು ಹಾಕಿಕೊಂಡವರಿಗೆ ತಾವು ಎಷ್ಟು ಗಟ್ಟಿಯಾಗಿ ಮಾತಾಡುತ್ತೇವೆ ಅನ್ನುವ ಅಂದಾಜಿರುವುದಿಲ್ಲ.

ಕಥೆಯಲ್ಲಿ ನರ್ಸ್ ಆಸ್ಪತ್ರೆಯ ವ್ಯಾನಿನಿಂದ ಇಳಿಯಲು ಎದ್ದಳು. ಮುಸುಕು ಹಾಕಿದವನೊಬ್ಬ ಕೆಳಗೆ ಕಾಯುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಇಳೀಬೇಡ, ಅವನು ಕೆಳಗೇ ನಿಂತಿದಾನೆ" ಅಂದುಬಿಟ್ಟೆ.

ಬಸ್ಸು ಆಗ ದಾರಿಯ ಬಟ್ಟೆಮಲ್ಲಪ್ಪ ಊರಿನ ಸ್ಟಾಪಿನಲ್ಲಿ ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಹಿರಿಯರೊಬ್ಬರು ಕಾಲು ಹಿಂದೆ ತೆಗೆದು, ಬಗ್ಗಿಕೊಂಡೇ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಕಂಡಕ್ಟರ್ "ಇಳಿಯೋದಿಲ್ವಾ?" ಅಂದರೆ "ಮುಂದಿನ ಸ್ಟಾಪಲ್ಲಿ ಇಳೀತೀನಿ, ಹೋಗ್ಲಿ ಹೋಗ್ಲಿ" ಅಂದರು. ಬಸ್ಸು ಹೊರಟ ಮೇಲೆ ಮೆಲ್ಲಗೆ ಕಿಟಕಿಯಲ್ಲಿ ಇಣುಕಿ, ನಿಟ್ಟುಸಿರು ಬಿಟ್ಟು, ನನಗೆ ಕೈಮುಗಿದರು.

"ದೊಡ್ಡ ಉಪಕಾರ ಆಯ್ತಮ್ಮ. ಕೆಳಗೆ ನಿಂತಿದ್ದು ನಮ್ಮ ಬೀಗ್ರು. ಅವ್ರ ಗೃಹಪ್ರವೇಶಕ್ಕೆ ಜ್ವರ ಅಂತ ಹೇಳಿ, ಸಾಗರದಲ್ಲಿ ಯಕ್ಷಗಾನ ಆಟ ನೋಡ್ಕೊಂಡು ಬರ್ತಾ ಇದೀನಿ. ಅದಿರ್ಲಿ, ನಿಮಗೆ ಹೆಂಗೆ ಗೊತ್ತಾಯ್ತು?"

ನಾಳೆ ಬನ್ನಿ

ಇಪ್ಪತ್ತೈದನೇ ಕಂತಿನ ಹೊತ್ತಿಗೆ ಅಂಗಡಿಯಲ್ಲಿ ಎರಡು ಪಕ್ಷ ಹುಟ್ಟಿದ್ದವು. ಡಾಕ್ಟರೇ ಕೊಂದಿದ್ದು ಅಂತ ಮೇಡಂ, ಫೋಟೋಗ್ರಾಫರೇ ಅಂತ ನಾನು. ಅಳತೆ ಕೊಡಲು ಬಂದ ಹೆಂಗಸರೆಲ್ಲ ಕೈ ಎತ್ತಿ ನಿಂತಲ್ಲೇ ಒಂದೊಂದು ಪಕ್ಷ ಸೇರುತ್ತಿದ್ದರು. ಮೂಲೆಯ ಕುರ್ಚಿಯಲ್ಲಿ ಕೂತು ದೀಪದ ಬತ್ತಿ ಹೊಸೆಯುವ ನನ್ನ ಅತ್ತೆಗೆ ಎಷ್ಟೋ ವರ್ಷದಿಂದ ಕಿವಿ ಮಂದ. ನಮ್ಮ ಗಲಾಟೆ ಕಂಡು ಅವರು "ಎಂತದೇ ಅದು?" ಅಂತ ಕೇಳುತ್ತಿದ್ದರು. ಕೂಗಿ ಹೇಳುವ ತಾಳ್ಮೆ ಯಾರಿಗಿದೆ? "ಎಂತೂ ಇಲ್ಲೆ, ಬಿಡಿ" ಅಂತ ನಾನು ಕೈ ಆಡಿಸುತ್ತಿದ್ದೆ.

ಚಂದಾ ಕಟ್ಟಿ ನಲವತ್ತೂ ಕಂತು ಒಟ್ಟಿಗೇ ಕೇಳಿ ಮುಗಿಸಿದವರೂ ಊರಲ್ಲಿದ್ದರು. ಅವರ ಬಾಯಿಗೆ ಹೆದರಿ ಗೋಡೆಗೆ ಒಂದು ಬೋರ್ಡು ಹಾಕಿದೆ: ಕೊನೆ ಹೇಳಿದರೆ ರವಿಕೆ ಕೊಡುವುದಿಲ್ಲ.

ತೀರ್ಥಹಳ್ಳಿಯವರೊಬ್ಬರು ಮಗಳ ಮದುವೆಗೆ ಆರು ರವಿಕೆ ಹೊಲಿಯಲು ಕೊಟ್ಟಿದ್ದರು. ನಮ್ಮ ಕಸುಬಿನ ಧರ್ಮದಂತೆ ನಾನು ಎರಡು ಸಲ "ನಾಳೆ ಬನ್ನಿ" ಅಂದಿದ್ದೆ. ಮೂರನೇ ಸಲ ಬಂದವರು ಬೋರ್ಡು ಓದಿ ನಕ್ಕರು.

"ನಂದು ನಲವತ್ತೂ ಕೇಳಿ ಆಗಿದೆ ಮಾರಾಯ್ತಿ. ಬುಧವಾರ ರವಿಕೆ ಕೈಗೆ ಬರ್ಲಿಲ್ಲ ಅಂದ್ರೆ ಕೊಲೆಗಾರ ಯಾರು ಅಂತ ಇಲ್ಲೇ ನಿಂತು ಹೇಳಿ ಹೋಗ್ತೀನಿ."

ಅನ್ನ ನೀರು ಬಿಟ್ಟು ಹೊಲಿದೆ. ಮಂಗಳವಾರವೇ ಆರೂ ರವಿಕೆಯನ್ನು ಹುಕ್ಕು ಸಮೇತ ನಾನೇ ಬಸ್ಸು ಹತ್ತಿ ತೀರ್ಥಹಳ್ಳಿಗೆ ಒಯ್ದೆ. ಆಕೆ ಚೀಲವನ್ನೂ ನನ್ನನ್ನೂ ಎರಡೆರಡು ಸಲ ನೋಡಿ ಮಗಳನ್ನು ಕರೆದರು.

"ಬೇಗ ಹಾಕ್ಕೊಂಡು ನೋಡೇ. ಒಂದು ದಿನ ಮೊದ್ಲೇ ತಂದಿದಾರೆ ಅಂದ್ರೆ ಇದು ಬೇರೆ ಯಾರದ್ದೋ ಇರ್ಬೇಕು."

ನಲವತ್ತನೇ ಕಂತು

ಕೊನೆಯ ಕಂತಿನ ದಿನ ಬೆಳಗಿನಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೊಲಿಗೆ ಒಂದು ಇಂಚೂ ಸಾಗಲಿಲ್ಲ. ಸಂಜೆ ಮೇಡಂ ಸೇರಿ ಐದು ಜನ ಹೆಂಗಸರು ಮಂಡಕ್ಕಿ ಡಬ್ಬದ ಸಮೇತ ಬಂದು ಸ್ಪೀಕರಿನ ಸುತ್ತ ಕೂತರು. ಅಷ್ಟು ಜನರಿಗೆ ಜಾಗ ಬೇಕು ಅಂತ ಅತ್ತೆಯ ಕುರ್ಚಿಯನ್ನು ಒಳಗೆ ಪಡಸಾಲೆಗೆ ಹಾಕಿದ್ದೆ.

ಪ್ಲೇ ಒತ್ತಿದೆ. ಸ್ಪೀಕರಿನಿಂದ ಕಮಕ್ ಕಿಮಕ್ ಇಲ್ಲ. ಫೋನಿನಲ್ಲಿ ಗೆರೆ ಮಾತ್ರ ಮುಂದೆ ಮುಂದೆ ಓಡುತ್ತಿದೆ. ಒಬ್ಬರು ಸ್ಪೀಕರನ್ನು ಕುಟ್ಟಿದರು, ಒಬ್ಬರು ವಯರು ಬದಲಾಯಿಸಿದರು, ಇನ್ನೊಬ್ಬರು ನೆಟ್‌ವರ್ಕಿಗೆ ಶಾಪ ಹಾಕಿದರು. ಮುಕ್ಕಾಲು ಕಂತು ಹೀಗೇ ಹೋಯಿತು. ಕೊನೆಗೆ ಮೇಡಂ "ಮೊದ್ಲು ನಿಲ್ಸಿ ಅದನ್ನ" ಅಂತ ಗದರಿದರು. ನಿಲ್ಲಿಸಿದೆ.

ಪಡಸಾಲೆಯಿಂದ ಅತ್ತೆಯ ದನಿ ಬಂತು.

"ಯಾರೇ ಅದು ನಿಲ್ಸಿದ್ದು? ಕೂಸು ಬಾಗಿಲು ತೆಗೀತಾ ಇತ್ತು."

ಅತ್ತೆಗೆ ಹುಡುಗಿಯರೆಲ್ಲ ಕೂಸೇ. ನರ್ಸೂ ಕೂಸೇ. ನಾವು ಆರೂ ಜನ ಒಳಗೆ ಓಡಿದೆವು. ಅತ್ತೆ ಕೂತಿದ್ದರು, ಬತ್ತಿಗಳೆಲ್ಲ ನೆಲದ ಮೇಲೆ, ಕಣ್ಣು ಒದ್ದೆ. ಆಗ ನನಗೆ ನೆನಪಾಯಿತು. ಕಥೆ ಶುರುವಾದ ವಾರವೇ ನನ್ನ ಗಂಡ ಅವರಿಗೆ ಕಿವಿಯ ಹೊಸ ಯಂತ್ರ ತಂದಿದ್ದರು. "ಜೀರುಂಡೆ ಹೊಕ್ಕಾಂಗೆ ಆಗ್ತು" ಅಂದಿದ್ದರು ಅತ್ತೆ, ಫೋನು ಬಂದಾಗ ಬಿಟ್ಟರೆ ಹಾಕಿಕೊಳ್ಳುವುದಿಲ್ಲ ಅಂದುಕೊಂಡು ನಾವು ಮರೆತಿದ್ದೆವು. ಅತ್ತೆ ತಮ್ಮ ಮಗಳ ಜೊತೆ ಫೋನಿನಲ್ಲಿ ಮಾತಾಡಲಿ ಅಂತ ಅವತ್ತು ಬೆಳಿಗ್ಗೆ ಆ ಯಂತ್ರವನ್ನು ನನ್ನ ಫೋನಿಗೆ ಸೇರಿಸಿದವಳೂ ನಾನೇ, ತೆಗೆಯಲು ಮರೆತವಳೂ ನಾನೇ. ಕೊನೆಯ ಕಂತು ನೇರ ಅತ್ತೆಯ ಕಿವಿಗೆ ಹೋಗುತ್ತಿತ್ತು. ಬಸ್ಸಿನಲ್ಲಿ ಕೇಳಿದ್ದೊಂದು ಬಿಟ್ಟು ಅದರ ಹಿಂದಿನದೆಲ್ಲ ಅವರು ಮೂಲೆಯಲ್ಲಿ ಬತ್ತಿ ಹೊಸೆಯುತ್ತಲೇ ಕೇಳಿ ಮುಗಿಸಿದ್ದರು.

"ಮುಂದೆ ಹಾಕು" ಅಂದರು ಅತ್ತೆ.

ಯಂತ್ರವನ್ನು ಫೋನಿನಿಂದ ಬಿಡಿಸಲು ನನ್ನ ಬೆರಳು ಹೋಗಿಯೇ ಇತ್ತು. ಅವರ ಮುಖ ನೋಡಿದೆ. ಎಷ್ಟು ವರ್ಷದಿಂದ ಈ ಮನೆಯಲ್ಲಿ ಅವರಿಗೆ ಯಾರೂ ಒಂದು ಮಾತನ್ನೂ ಪೂರ್ತಿ ಹೇಳಿರಲಿಲ್ಲ ಅನ್ನಿಸಿ ನಾಚಿಕೆಯಾಯಿತು. ಹಾಗೇ ಪ್ಲೇ ಒತ್ತಿದೆ.

ಆಮೇಲೆ ನಾವು ಆರು ಜನ ಅತ್ತೆಯ ಮುಖದಲ್ಲೇ ಕಥೆ ಕೇಳಿದೆವು. ಹುಬ್ಬು ಮೇಲೆ ಹೋಯಿತು, ಕೈ ಎದೆಗೆ ಹೋಯಿತು. "ಅಯ್ಯೋ ಪಾಪಿ" ಅಂದರು. ಯಾವ ಪಾಪಿ ಅಂತ ನಮಗೆ ತಿಳಿಯಲಿಲ್ಲ. ಕೊನೆಗೆ ಸಣ್ಣಗೆ ನಕ್ಕು ಕಣ್ಣೊರೆಸಿಕೊಂಡರು. ಫೋನಿನಲ್ಲಿ ಗೆರೆ ಮುಗಿಯಿತು, ಬೀಗ ಬಿತ್ತು.

ಕಿವಿಯಾರೆ ಕೇಳುವ ಹಟ, ಬೋರ್ಡು, ಎಲ್ಲ ಗಾಳಿಗೆ ಹೋಯಿತು. ಮೊದಲು ಬಾಯಿ ಬಿಟ್ಟವಳು ನಾನೇ. "ಯಾರು ಅತ್ತೆ? ಡಾಕ್ಟರಾ, ಫೋಟೋಗ್ರಾಫರಾ?"

ಅತ್ತೆ ಬಗ್ಗಿ ಒಂದೊಂದೇ ಬತ್ತಿ ಹೆಕ್ಕಿ ಮಡಿಲಿಗೆ ಹಾಕಿಕೊಂಡರು. ನಮ್ಮ ಆರು ಜನರ ಮುಖವನ್ನೂ ಸಾವಕಾಶವಾಗಿ ನೋಡಿದರು. ಆಮೇಲೆ ಥೇಟ್ ನನ್ನ ಹಾಗೇ ಕೈ ಆಡಿಸಿದರು.

"ಎಂತೂ ಇಲ್ಲೆ, ಬಿಡಿ."